ಪಕ್ಕದ ಮನೆಯ ನೀರು

ಫೆಬ್ರವರಿ 2, ಶುಕ್ರವಾರ

ಗ್ಲೆನಿಸ್ ಹೊರಟಳು. ಬಸಲ್ಟನ್ನಿನಲ್ಲಿರುವ ಅವಳ ಅಕ್ಕ ಬೆರಿಲ್‌ಗೆ ಮಂಡಿ ಬದಲಾಯಿಸಿದ್ದಾರೆ. ಆರು ವಾರ ಅವಳು ಅಲ್ಲಿ ಕಡಲ ಪಕ್ಕ, ನಾನು ಇಲ್ಲಿ ಪರ್ತ್‌ನ ಹಿತ್ತಲಲ್ಲಿ ಈಜುಕೊಳದ ಪಕ್ಕ. ಹೊರಡುವಾಗ ಕಾರಿನ ಕಿಟಕಿಯಿಂದ ಮುತ್ತು ಕೊಡುತ್ತಾಳೆಂದು ಬಗ್ಗಿದರೆ ಒಂದು ಖಾಲಿ ಸೀಸೆ ಕೊಟ್ಟಳು.

ತಪ್ಪು ನನ್ನ ಬಾಯಿಯದು. ನಿನ್ನೆ ಊಟದ ಹೊತ್ತಿಗೆ ಅವಳು ಪೂಲ್ ನೋಡಿಕೊಳ್ಳುವ ಬಗೆಯನ್ನು ಬರೆದಿಟ್ಟುಕೊಂಡು ಓದಿ ಹೇಳುತ್ತಾ ಎರಡನೆಯ ಹಾಳೆ ತಿರುವಿದಾಗ ನನಗೆ ತಡೆಯಲಾಗಲಿಲ್ಲ. "ಮೂವತ್ತು ವರ್ಷದಿಂದ ನೋಡ್ತಾನೇ ಇದೀನಿ. ಒಂದು ಲೋಟ ಕ್ಲೋರಿನ್ ಸುರಿಯೋಕೆ ಇಷ್ಟೆಲ್ಲಾ ಪುರಾಣ ಯಾಕೆ?" ಅಂದೆ. ಅವಳು ಫೋರ್ಕ್ ಕೆಳಗಿಟ್ಟಳು. ಅವಳು ಫೋರ್ಕ್ ಕೆಳಗಿಟ್ಟಾಗ ನಾನು ಬಾಯಿ ಮುಚ್ಚಬೇಕಿತ್ತು.

"ಹಾಗಾದ್ರೆ ಪಂದ್ಯ," ಅಂದಳು. "ನಾನು ವಾಪಸ್ ಬರೋ ದಿನ ನೀರು ತಿಳಿಯಾಗಿದ್ರೆ ಬೆರಿಲ್ ಪಕ್ಕದ ಫ್ಲಾಟಿನ ಸುದ್ದಿ ಸಾಯೋವರೆಗೂ ಎತ್ತಲ್ಲ. ಕೆಟ್ಟಿದ್ರೆ ಈ ಮನೆ ಮಾರಿ ಅಲ್ಲಿಗೆ ಹೋಗೋದು. ಕೈ ಕೊಡು."

ಕೈ ಕೊಟ್ಟೆ. ಆ ಫ್ಲಾಟನ್ನು ನಾನೂ ನೋಡಿದ್ದೇನೆ. ಎರಡನೆಯ ಮಹಡಿ, ಇಸ್ತ್ರಿ ಹಲಗೆಯಷ್ಟು ಅಗಲದ ಬಾಲ್ಕನಿ, ಶೆಡ್ ಇಲ್ಲ, ನನ್ನ ಲೇತ್ ಇಡಲು ಜಾಗವಿಲ್ಲ, ಗೋಡೆಯಾಚೆ ಬೆರಿಲ್. ಇಲ್ಲಿ ಈ ಪೂಲಿನ ಗುಂಡಿ ತೋಡಿದವನೇ ನಾನು. ಬಸ್ ಡಿಪೋದಲ್ಲಿ ನಲವತ್ತು ವರ್ಷ ಇಂಜಿನ್ ಬಿಚ್ಚಿ ಜೋಡಿಸಿದವನಿಗೆ ನಿಂತ ನೀರು ನೋಡಿಕೊಳ್ಳಲು ಬರುವುದಿಲ್ಲವೇ?

ಒಂದು ಷರತ್ತು: ಪ್ರತಿ ಶನಿವಾರ ಆ ಸೀಸೆಯಲ್ಲಿ ನೀರು ಒಯ್ದು ಪೂಲ್ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಿ, ಅವರು ಕೊಟ್ಟ ಕಾಗದದ ಫೋಟೋ ಅವಳಿಗೆ ಕಳಿಸಬೇಕು.

ಫೆಬ್ರವರಿ 3, ಶನಿವಾರ

ಪೂಲ್ ಅಂಗಡಿಯಲ್ಲಿ ಹನ್ನೊಂದು ಜನರ ಸಾಲು. ಎಲ್ಲರ ಕೈಯಲ್ಲೂ ಒಂದೊಂದು ಸೀಸೆ, ಎಲ್ಲರ ಮುಖದಲ್ಲೂ ಡಾಕ್ಟರು ಏನನ್ನುತ್ತಾರೋ ಎಂಬ ಭಯ. ನೀರು ನೋಡುವವಳು ರಾಂಡಾ. ಐವತ್ತು ದಾಟಿದವಳು, ಕನ್ನಡಕ ಮೂಗಿನ ತುದಿಯಲ್ಲಿ, ಮುಂದೆ ಒಂದು ಯಂತ್ರ. ಎಲ್ಲರನ್ನೂ ಚಿನ್ನ ಅನ್ನುತ್ತಾಳೆ, ಯಾರನ್ನೂ ಕ್ಷಮಿಸುವುದಿಲ್ಲ.

"ಮೊಣಕೈ ಮುಳುಗೋಷ್ಟು ಆಳದಿಂದ ತೆಗೆದ್ಯಾ, ಚಿನ್ನಾ?"

"ಹೂಂ," ಅಂದೆ. ಮೆಟ್ಟಿಲ ಮೇಲಿಂದ ತೆಗೆದಿದ್ದೆ.

ಎಲ್ಲಾ ಅಚ್ಚುಕಟ್ಟಾಗಿದೆ ಎಂದು ಕಾಗದ ಕೊಟ್ಟಳು. ಫೋಟೋ ಕಳಿಸಿದೆ. 'ನೋಡಿದೆಯಾ?' ಎಂದು ಬರೆದೆ. 'ಅದು ನಾನು ಬಿಟ್ಟುಹೋದ ನೀರು' ಎಂದು ಉತ್ತರ ಬಂತು. ಹೊಟ್ಟೆಕಿಚ್ಚು.

ಫೆಬ್ರವರಿ 10, ಶನಿವಾರ

ವಾರವಿಡೀ ನಲವತ್ತೊಂದು ಡಿಗ್ರಿ. ಟಿವಿಯಲ್ಲಿ ಕ್ರಿಕೆಟ್ ಬೇರೆ. ಪೂಲಿನ ಕಡೆ ತಲೆ ಹಾಕಲಿಲ್ಲ. ಇವತ್ತು ಹೋಗಿ ನೋಡಿದರೆ ನೀರಿಗೆ ಏನೋ ಬೇಸರ. ಕೆಟ್ಟಿಲ್ಲ, ಆದರೆ ಆಳದ ತುದಿಯಲ್ಲಿ ತಳದ ನೀರು ಹೋಗುವ ಜಾಲರಿ ಮಂಕು ಮಂಕು. ಈ ನೀರನ್ನು ರಾಂಡಾ ಮುಂದೆ ಇಟ್ಟರೆ ಮರ್ಯಾದೆ ಹೋಗುತ್ತದೆ, ಆ ಕಾಗದ ಗ್ಲೆನಿಸ್‌ಗೆ ಹೋದರೆ ಮನೆಯೇ ಹೋಗುತ್ತದೆ.

ಬೇಲಿಯಾಚೆ ನೆವೆಂಕಾಳ ಪೂಲ್ ಗಾಜಿನಂತೆ ಹೊಳೆಯುತ್ತಿತ್ತು. ಕ್ರೊಯೇಷಿಯಾದಿಂದ ಬಂದ ಮುದುಕಿ, ಎಪ್ಪತ್ತೆರಡು ಇರಬೇಕು. ನನ್ನ ನೀಲಗಿರಿ ಮರದ ಎಲೆ ಅವಳ ಪೂಲಿಗೆ ಬೀಳುತ್ತದೆಂದು ಜಗಳವಾಗಿ ಒಂಬತ್ತು ವರ್ಷದಿಂದ ನಮ್ಮಿಬ್ಬರಿಗೂ ಮಾತಿಲ್ಲ. ಶನಿವಾರ ಬೆಳಿಗ್ಗೆ ಅವಳು ಮಾರುಕಟ್ಟೆಗೆ ಹೋಗುತ್ತಾಳೆ. ಎಲೆ ಎತ್ತುವ ಬಲೆಯ ಉದ್ದ ಕೋಲಿಗೆ ಸೀಸೆ ಕಟ್ಟಿ, ಬೇಲಿಯ ಮೇಲಿಂದ ಇಳಿಬಿಟ್ಟು, ಮೊಣಕೈ ಆಳದಿಂದಲೇ ತೆಗೆದೆ. ರಾಂಡಾ ಮೆಚ್ಚುವಂತೆ.

"ಕ್ಲೋರಿನ್ ಬೇಕಾದಷ್ಟಿದೆ, ಈ ವಾರ ಒಂದು ಹನಿ ಹಾಕ್ಬೇಡ," ಅಂದಳು ರಾಂಡಾ. "ಪಿಎಚ್ ಮೇಲೆ ಹೋಗಿದೆ. ಒಂದು ಲೀಟರ್ ಆಸಿಡ್ ಸುರಿ."

ಆಸಿಡ್ ತಂದೆ. ತಂದಮೇಲೆ ಏನು ಮಾಡುವುದು? ಒಂದೇ ಬೀದಿ, ಒಂದೇ ಕೊಳಾಯಿ, ಒಂದೇ ಬಿಸಿಲು. ಅವಳ ನೀರಿಗೆ ಬೇಕಾದದ್ದು ನನ್ನ ನೀರಿಗೆ ಬೇಡವಾಗಲು ಕಾರಣವೇ ಇಲ್ಲ. ಸುರಿದೆ.

ಫೆಬ್ರವರಿ 11, ಭಾನುವಾರ

ಗ್ಲೆನಿಸ್ ಫೋನ್ ಮಾಡಿದಳು. "ಕಾಗದ ನೋಡಿದೆ. ಉಪ್ಪು ನಾಲ್ಕೂವರೆ ಸಾವಿರ. ಬಹಳ ಚೆನ್ನಾಗಿದೆ, ಮರ್ವ್," ಎಂದು ಗಹಗಹಿಸಿ ನಕ್ಕಳು. ಹಿಂದುಗಡೆ ಬೆರಿಲ್ ಕೂಡ ನಗುತ್ತಿದ್ದಳು. ಹೊಗಳುವಾಗ ಯಾಕೆ ನಗಬೇಕೋ, ಆ ಮನೆತನದವರಿಗೇ ಗೊತ್ತು.

ಫೆಬ್ರವರಿ 17, ಶನಿವಾರ

ಮತ್ತೆ ಬೇಲಿ, ಮತ್ತೆ ಕೋಲು. ಮತ್ತೆ ಆಸಿಡ್, ಕ್ಲೋರಿನ್ ಬೇಡ. ನನ್ನ ನೀರು ಎಳನೀರಿನ ಬಣ್ಣಕ್ಕೆ ತಿರುಗಿದೆ. ಬಿಸಿಲಿನ ಕಣ್ಕಟ್ಟು ಇರಬೇಕು.

ಫೆಬ್ರವರಿ 19, ಸೋಮವಾರ

ಕಣ್ಕಟ್ಟಲ್ಲ. ಹಸಿರು.

ಫೆಬ್ರವರಿ 21, ಬುಧವಾರ

ಗಾಢ ಹಸಿರು. ಮೊದಲ ಮೆಟ್ಟಿಲು ಕಾಣುತ್ತದೆ, ಎರಡನೆಯದು ಇದೆ ಎಂದು ನಂಬಬೇಕು. ಸಂಜೆ ಹಿತ್ತಲಿನಲ್ಲಿ ಯಾರೋ ಹಳೆಯ ಬೈಕ್ ಗೇರ್ ಬದಲಾಯಿಸುತ್ತಿರುವ ಸದ್ದು. ಡಿಪೋದ ಕಿವಿ ನನ್ನದು. ಮೂರನೆಯ ಗೇರ್‌ಗೆ ಹೋಗಲು ಒದ್ದಾಡುತ್ತಿದೆ ಎಂದು ಗೊತ್ತಾಯಿತು. ಹೋಗಿ ನೋಡಿದರೆ ಬೈಕ್ ಕಪ್ಪೆ, ತೇಲುವ ಕ್ಲೋರಿನ್ ಡಬ್ಬಿಯ ಮೇಲೆ ಕೂತಿದೆ. ಕ್ಲೋರಿನ್ ಡಬ್ಬಿಯ ಮೇಲೆ! ನನ್ನ ನೀರಿನ ಬಗ್ಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ?

ಫೆಬ್ರವರಿ 24, ಶನಿವಾರ

ಸಿಕ್ಕಿಬಿದ್ದೆ.

ಕೋಲು ಇಳಿಬಿಟ್ಟಿದ್ದೆ, ಸೀಸೆ ಬುಳುಬುಳು ತುಂಬುತ್ತಿತ್ತು. ಅಂಜೂರದ ಮರದ ಹಿಂದಿನಿಂದ ದನಿ ಬಂತು.

"ಮೂರು ಶನಿವಾರ ಆಯ್ತು. ಕುಡಿಯೋಕೇನಯ್ಯಾ?"

ನೆವೆಂಕಾ ಕುರ್ಚಿ ಹಾಕಿಕೊಂಡು ಕಾಫಿ ಹಿಡಿದು ಕೂತಿದ್ದಳು. ಮಾರುಕಟ್ಟೆಗೆ ಹೋಗುವುದನ್ನು ಬಿಟ್ಟು ನನ್ನನ್ನು ನೋಡಲೆಂದೇ ಕೂತಿದ್ದಳು. ಒಂಬತ್ತು ವರ್ಷದ ಮೇಲೆ ನಾನು ಅವಳಿಗೆ ಆಡಿದ ಮೊದಲ ಮಾತು, "ಸ್ವಲ್ಪ ನೀರು ಬೇಕಿತ್ತು."

"ನಿಮ್ಮಲ್ಲಿಲ್ವಾ?" ಎಂದು ಎದ್ದು ಬಂದು ಬೇಲಿಯ ಮೇಲಿಂದ ಇಣುಕಿದಳು. ಇಣುಕಿ ಶಿಲುಬೆಯ ಗುರುತು ಮಾಡಿಕೊಂಡಳು. ಬೇರೆ ದಾರಿಯಿಲ್ಲದೆ ಎಲ್ಲಾ ಹೇಳಿದೆ, ಪಂದ್ಯ, ಫ್ಲಾಟು, ಕಾಗದ, ಆಸಿಡ್.

"ಅಯ್ಯೋ ಪೆದ್ದೇ," ಅಂದಳು. "ನಂದು ಉಪ್ಪಿನ ಪೂಲು. ಯಂತ್ರ ಉಪ್ಪಿನಿಂದ ಕ್ಲೋರಿನ್ ತಾನೇ ಮಾಡ್ಕೊಳ್ಳುತ್ತೆ. ಅದಕ್ಕೇ ಪಿಎಚ್ ಮೇಲೇರುತ್ತೆ, ಅದಕ್ಕೇ ಆಸಿಡ್. ನಿಂದು ಡಬ್ಬಿಯಿಂದ ಹಾಕೋ ಪೂಲು. ನೀನು ಕ್ಲೋರಿನ್ ಹಾಕದೆ ಎರಡು ವಾರ ಆಸಿಡ್ ಕುಡಿಸಿದೀಯ. ಪಕ್ಕದ ಮನೆಯವಳ ಮಾತ್ರೆ ನಿನ್ನ ಹೆಂಡ್ತಿಗೆ ನುಂಗಿಸ್ತೀಯಾ?"

ಆಗ ಉಪ್ಪು ನೆನಪಾಯಿತು. ನಾಲ್ಕೂವರೆ ಸಾವಿರ. ಗ್ಲೆನಿಸ್‌ಗೆ ಕದ್ದ ನೀರಿನ ಮೊದಲ ಕಾಗದದಲ್ಲೇ ಗೊತ್ತಾಗಿದೆ. ಗೊತ್ತಿದ್ದೂ ಸುಮ್ಮನಿದ್ದಾಳೆ, ನನ್ನ ಪೂಲ್ ಕೊಳೆಯಲಿ ಎಂದು. ಎಂಥಾ ಹೆಂಗಸು! ಮೂವತ್ತೆಂಟು ವರ್ಷ ನಾನು ಇವಳ ಪಕ್ಕ ಮಲಗಿದ್ದೇನೆ.

ನೆವೆಂಕಾ ಸಹಾಯ ಮಾಡುತ್ತಾಳಂತೆ. ಬದಲಿಗೆ ಅವಳ ಪೂಲಿನ ಮೇಲೆ ಚಾಚಿದ ಕೊಂಬೆ ಇವತ್ತೇ ಹೋಗಬೇಕು. ಕಡಿದೆ. ಇಪ್ಪತ್ತು ನಿಮಿಷದ ಕೆಲಸ.

ಫೆಬ್ರವರಿ 25, ಭಾನುವಾರ

ನೆವೆಂಕಾಳ ಕೈಕೆಳಗೆ ಡಿಪೋ ನಡೆದಿದ್ದರೆ ಒಂದು ಬಸ್ಸೂ ತಡವಾಗುತ್ತಿರಲಿಲ್ಲ. ಕಪ್ಪೆಗಳನ್ನು ಬಕೆಟ್ಟಿನಲ್ಲಿ ಪಾರ್ಕಿನ ಕೆರೆಗೆ ಒಯ್ದು ಬಿಟ್ಟೆ, ಏಳು. ಆಮೇಲೆ ಹಸಿರು ನೀರನ್ನೇ ಸೀಸೆಯಲ್ಲಿ ತುಂಬಿಕೊಂಡು ರಾಂಡಾ ಎದುರು ನಿಂತೆ. ಸಾಲಿನಲ್ಲಿದ್ದವರು ಒಂದೊಂದು ಹೆಜ್ಜೆ ದೂರ ಸರಿದರು.

"ಕಳೆದ ವಾರ ಚಿನ್ನದಂಥ ನೀರು ತಂದಿದ್ದೆ, ಏನಾಯ್ತು ಚಿನ್ನಾ?" ಅಂದಳು.

"ಅದು ಬೇರೆಯವರದು," ಅಂದೆ. ಹೇಳಿಬಿಟ್ಟೆ. ಅವಳು ಕನ್ನಡಕ ತೆಗೆದು ನನ್ನನ್ನು ಒಮ್ಮೆ ನೋಡಿ, "ವರ್ಷಕ್ಕೆ ಹತ್ತು ಜನ ಹೀಗೇ ಮಾಡ್ತಾರೆ. ಒಪ್ಕೊಂಡೋನು ನೀನೊಬ್ಬನೇ," ಎಂದಳು.

ಅವಳು ಹೇಳಿದ ಕ್ರಮ: ಮೊದಲು ಅಡುಗೆ ಸೋಡಾ. ಅದು ನೀರಿಗೆ ಕ್ಷಾರದ ಬಲ ಕೊಡುತ್ತದೆ, ಇಲ್ಲದಿದ್ದರೆ ಪಿಎಚ್ ಹೇಳಿದ ಕಡೆ ನಿಲ್ಲುವುದಿಲ್ಲ. ಅದು ನಿಂತಮೇಲೆ ಕ್ಲೋರಿನ್, ಅದೂ ಸೂರ್ಯ ಮುಳುಗಿದ ಮೇಲೆ. ಹಗಲು ಸುರಿದರೆ ಬಿಸಿಲೇ ತಿಂದುಬಿಡುತ್ತದೆ. ಒಂದರ ಹಿಂದೆ ಒಂದು, ಅವಸರವಿಲ್ಲ. ಇಂಜಿನ್ನಿನಂತೆಯೇ. ಇದನ್ನು ಯಾರೂ ನನಗೆ ಮೊದಲೇ ಹೇಳಲಿಲ್ಲ. ಗ್ಲೆನಿಸ್ ಹೇಳುತ್ತಿದ್ದಳು, ಎರಡನೆಯ ಹಾಳೆಯಲ್ಲಿ.

ಫೆಬ್ರವರಿ 28, ಬುಧವಾರ

ಬ್ರಷ್ ತಿಕ್ಕಿ ತಿಕ್ಕಿ ಹೆಗಲು ಬಿದ್ದುಹೋಗಿದೆ. ಹಸಿರು ಹೋಯಿತು, ಬೂದಿ ಬಣ್ಣ ಬಂತು. ಸತ್ತ ಪಾಚಿ. ನೆವೆಂಕಾ ಇದು ಒಳ್ಳೆಯ ಲಕ್ಷಣ ಅಂದಳು. ಬಿಸಿ ಬಿಸಿ ಕಾಫಿ ಕೊಟ್ಟಳು, ಅದಕ್ಕೆ ಒಂದು ಚೂರು ಅವಳೇ ಇಳಿಸಿದ ಬ್ರಾಂದಿ. ಅವಳ ಗಂಡ ಆಂಟೆ ತೀರಿಕೊಂಡು ನಾಲ್ಕು ವರ್ಷ. ಮಣ್ಣಿಗೆ ಗ್ಲೆನಿಸ್ ಹೋಗಿದ್ದಳು, ನಾನು ಹೋಗಿರಲಿಲ್ಲ, ಎಲೆಯ ಜಗಳ ಇತ್ತಲ್ಲ. ಇವತ್ತು ಆ ಮಾತು ಎತ್ತಿ ತಪ್ಪಾಯಿತು ಅಂದೆ. "ಆಯ್ತು ಬಿಡು, ಫಿಲ್ಟರ್ ತೊಳಿ ಹೋಗು," ಅಂದಳು.

ಮಾರ್ಚ್ 4, ಸೋಮವಾರ

ಗಸಿ ತಳಕ್ಕೆ ಕೂತಿತು. ಅಲ್ಲಾಡಿಸದೆ, ಉಸಿರು ಬಿಗಿಹಿಡಿದು, ಎರಡು ಗಂಟೆ ಕೊಳವೆಯಿಂದ ಎಳೆದು ಹೊರಹಾಕಿದೆ. ಜಾಲರಿ ಕಾಣುತ್ತಿದೆ! ನೆವೆಂಕಾಳನ್ನು ಕೂಗಿ ಕರೆದು ತೋರಿಸಿದೆ. ಗ್ಲೆನಿಸ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಈಜಲು ಹೋಗಿದ್ದಾಳೆ ಅಂದಳು ಬೆರಿಲ್. ಯಾವಾಗ ಕೇಳಿದರೂ ಈಜಲು ಹೋಗಿದ್ದಾಳೆ.

ಮಾರ್ಚ್ 6, ಬುಧವಾರ

ಕೊನೆಗೂ ಮಾತಿಗೆ ಸಿಕ್ಕಳು. ಪಿಎಚ್ ಏಳೂವರೆ ಎಂದು ಹೇಳಲು ಬಾಯಿ ತೆರೆದರೆ ಅವಳದೇ ಮಾತು. ಕಡಲೊಳಗೆ ಚಾಚಿದ ಮರದ ಜೆಟ್ಟಿಯ ಪಕ್ಕದಲ್ಲೇ ಈಜುತ್ತಾ ಇವತ್ತು ನಲವತ್ತನೆಯ ಕಂಬದವರೆಗೆ ಹೋದಳಂತೆ. ಕೆಳಗೆ ಒಂದು ಚಪ್ಪಟೆ ತೊರಕೆ ಮೀನು ಜೊತೆಯಲ್ಲೇ ಬಂತಂತೆ. ಬೆನ್ನುನೋವು ಎರಡು ವಾರದಿಂದ ಇಲ್ಲವೇ ಇಲ್ಲವಂತೆ. ಏದುಸಿರಿನಲ್ಲಿ ಮಾತಾಡುತ್ತಿದ್ದಳು, ಮದುವೆಗೆ ಮುಂಚೆ ಮಾತಾಡುತ್ತಿದ್ದ ಹಾಗೆ. ಪೂಲಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಪಂದ್ಯ ಕಟ್ಟಿದ ಮೇಲೆ ಕೇಳಬೇಡವೇ? ನನಗೆ ರೇಗಿತು.

ನೆವೆಂಕಾ ಹತ್ತಿರ ದೂರಿದೆ. ಅವಳು ಅಂಜೂರ ಕೀಳುತ್ತಲೇ, "ಗ್ಲೆನಿಸ್ ನಂಗೆ ಒಂದ್ಸಲ ಹೇಳಿದ್ಲು. ಎಂಟು ಸಲ ಕೈ ಬೀಸಿದ್ರೆ ಗೋಡೆ ಬರುತ್ತಂತೆ. ದಿನಾ ಬೆಳಿಗ್ಗೆ ಎಂಟು ಕೈ, ಗೋಡೆ. ಎಂಟು ಕೈ, ಗೋಡೆ. ಕಡಲ ಪಕ್ಕ ಬೆಳೆದ ಹುಡುಗಿ ಪಾಪ," ಅಂದಳು.

ಮೂವತ್ತು ವರ್ಷದಲ್ಲಿ ನನಗೊಮ್ಮೆಯೂ ಹೇಳಿಲ್ಲ. ಮುದುಕಿಯರು ಬೇಲಿಯ ಬಳಿ ಏನೇನೋ ಮಾತಾಡಿಕೊಳ್ಳುತ್ತಾರೆ.

ಮಾರ್ಚ್ 8, ಶುಕ್ರವಾರ

ನೀರಿಗಿಳಿದೆ. ಇಳಿದು ಹತ್ತು ವರ್ಷವಾದರೂ ಆಗಿರಬೇಕು. ಜಾಲರಿಯ ತಿರುಪು ಬಿಗಿಯಿದೆಯೇ ನೋಡಬೇಕಿತ್ತು, ಅಷ್ಟೇ. ಹೇಗೂ ಇಳಿದಿದ್ದೇನೆಂದು ಒಂದು ಸುತ್ತು ಈಜಿದೆ. ನನಗೆ ಏಳು ಕೈ. ಗೋಡೆ. ಮತ್ತೆ ಏಳು, ಗೋಡೆ. ಗುಂಡಿ ತೋಡುವಾಗ ಇನ್ನು ನಾಲ್ಕು ಮೀಟರ್ ತೋಡೋಣ ಎಂದು ಅವಳು ಕೇಳಿದ್ದಳು. ಶೆಡ್‌ಗೆ ಜಾಗ ಬೇಕು ಎಂದು ನಾನೇ ನಿಲ್ಲಿಸಿದ್ದು.

ತಿರುಪು ಬಿಗಿಯಾಗಿದೆ.

ಮಾರ್ಚ್ 16, ಶನಿವಾರ

ನನ್ನದೇ ನೀರು, ನನ್ನದೇ ಸೀಸೆ, ಮೊಣಕೈ ಆಳ. ರಾಂಡಾಳ ಯಂತ್ರ ಒಂದು ತಪ್ಪನ್ನೂ ಹಿಡಿಯಲಿಲ್ಲ. ಕ್ಲೋರಿನ್, ಪಿಎಚ್, ಕ್ಷಾರ, ಎಲ್ಲಾ ಸರಿ. ಅವಳು ಕಾಗದವನ್ನು ಎರಡು ಸಲ ಓದಿ, "ಇದೂ ಬೇರೆಯವರದ್ದಾ?" ಅಂದಳು. ಸಾಲಿನಲ್ಲಿದ್ದ ಒಬ್ಬ ನನ್ನ ಬೆನ್ನು ತಟ್ಟಿದ. ಫೋಟೋ ಕಳಿಸಿದೆ.

'ಭೇಷ್. ನೀನು ಗೆದ್ದೆ. ನಾಳೆ ಮಧ್ಯಾಹ್ನ ಬರ್ತೀನಿ' ಎಂದು ಉತ್ತರ. ಜೊತೆಗೆ ಒಂದು ಚಿತ್ರ ಕಳಿಸಿದ್ದಾಳೆ. ಬೆರಿಲ್ ತೆಗೆದದ್ದಿರಬೇಕು. ಗ್ಲೆನಿಸ್ ಕಡಲಿನಿಂದ ಎದ್ದು ಬರುತ್ತಿದ್ದಾಳೆ, ಕೂದಲು ಮುಖದ ತುಂಬಾ ಅಂಟಿಕೊಂಡಿದೆ, ಯಾರನ್ನೂ ನೋಡದೆ ನಗುತ್ತಿದ್ದಾಳೆ. ಕೆಳಗೆ 'ಕೊನೇ ದಿನ' ಎಂದು ಬರೆದಿದ್ದಾಳೆ.

ನಾನು ಗೆದ್ದೆ. ಸಂಜೆ ಒಂದು ಬಿಯರ್ ಕುಡಿದೆ. ರುಚಿಸಲಿಲ್ಲ, ಹಳೆಯ ಡಬ್ಬಿ ಇರಬೇಕು.

ಮಾರ್ಚ್ 17, ಭಾನುವಾರ, ಬೆಳಿಗ್ಗೆ

ಆರು ಗಂಟೆಗೆ ಟೀ ಹಿಡಿದು ಪೂಲಿನ ಅಂಚಿನಲ್ಲಿ ಕೂತೆ. ನೀರಿದೆಯೋ ಇಲ್ಲವೋ ಅನ್ನುವಷ್ಟು ತಿಳಿ. ಇಂಥ ನೀರನ್ನು ನಾನೇ ಮಾಡಿದ್ದೇನೆಂದರೆ ನನಗೇ ನಂಬಿಕೆಯಾಗಲಿಲ್ಲ. ಬಹಳ ಹೊತ್ತು ಕೂತಿದ್ದೆ. ಟೀ ಆರಿಹೋಯಿತು.

ಆಮೇಲೆ ಶೆಡ್‌ಗೆ ಹೋಗಿ ಐದು ಕಿಲೋ ವಾಷಿಂಗ್ ಸೋಡಾ ತಂದೆ. ಬಕೆಟ್ಟಿನಲ್ಲಿ ಕಲಸಿ ಆಳದ ತುದಿಯಲ್ಲಿ ಒಂದೇ ಸಲಕ್ಕೆ ಸುರಿದೆ. ಪಿಎಚ್ ಹಾರಿ, ನೀರಿನಲ್ಲಿರುವ ಸುಣ್ಣವೆಲ್ಲ ಒಡೆದು ಹೊರಬಂದು, ಕಣ್ಣೆದುರೇ ಪೂಲ್ ಅಕ್ಕಿ ತೊಳೆದ ನೀರಾಯಿತು. ಜಾಲರಿ ಹೋಯಿತು, ಮೆಟ್ಟಿಲು ಹೋಯಿತು.

ಬೇಲಿಯ ಮೇಲೆ ನೆವೆಂಕಾಳ ತಲೆ ಕಂಡಿತು. "ಏನ್ ಮಾಡ್ತಿದೀಯೋ ಹುಚ್ಚಾ?"

"ಸೋಲ್ತಾ ಇದೀನಿ," ಅಂದೆ.

ಅವಳು ನನ್ನನ್ನೂ ಬಕೆಟ್ಟನ್ನೂ ನೋಡಿದಳು. ಬೈಯುತ್ತಾಳೆಂದುಕೊಂಡೆ.

"ಪಂಪ್ ಹಾಕು ಮತ್ತೆ," ಅಂದಳು. "ಚೆನ್ನಾಗಿ ಬೆರೀಲಿ."

ಸಂಜೆ

ಗ್ಲೆನಿಸ್ ಕಾರಿನಿಂದಿಳಿದವಳೇ ನೇರ ಹಿತ್ತಲಿಗೆ ಬಂದಳು. ಬಿಸಿಲಿಗೆ ಕಂದಿ ಹತ್ತು ವರ್ಷ ಚಿಕ್ಕವಳಾಗಿದ್ದಾಳೆ. ನಾನು ಸೋತವನ ಮುಖ ಹಾಕಿಕೊಂಡು ನಿಂತೆ, ಬೆಳಿಗ್ಗೆಯಿಂದ ಕನ್ನಡಿ ಮುಂದೆ ಅಭ್ಯಾಸ ಮಾಡಿದ್ದೆ.

"ಏನ್ ಮಾಡೋದು, ರಾತ್ರೋರಾತ್ರಿ ಕೆಟ್ಟುಹೋಯ್ತು," ಅಂದೆ. "ಪಂದ್ಯ ಅಂದ್ರೆ ಪಂದ್ಯ. ಮನೆ ಮಾರೋಣ."

ಅವಳು ಮಂಡಿಯೂರಿ, ಮೊಣಕೈವರೆಗೆ ತೋಳು ಮುಳುಗಿಸಿ, ಬೆರಳುಗಳನ್ನು ಉಜ್ಜಿ ನೋಡಿದಳು.

"ಮರ್ವ್, ಹಸಿರಾಗಿದ್ರೆ ನಂಬ್ತಿದ್ದೆ."

"ಅಂದ್ರೆ?"

"ಗೊತ್ತಿಲ್ಲದೋರು ಕೆಡಿಸಿದ್ರೆ ಹಸಿರಾಗುತ್ತೆ. ಇಷ್ಟು ಬೆಳ್ಳಗೆ ಕೆಡಿಸೋಕೆ ಎಲ್ಲಾ ಗೊತ್ತಿರಬೇಕು. ನಿನ್ನೆ ತಾನೇ ಒಂದೂ ತಪ್ಪಿಲ್ಲದ ಕಾಗದ ಕಳಿಸಿದೀಯ, ಪೆದ್ದೇ. ಎಷ್ಟು ಸುರಿದೆ?"

"ಐದು ಕಿಲೋ."

"ಐದಾ! ಮೂರು ಸಾಕಿತ್ತಲ್ಲೋ."

ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ನಗುತ್ತಿದ್ದಾಳೆ ಅಂದುಕೊಂಡೆ, ನೋಡಿದರೆ ಕೆನ್ನೆ ಒದ್ದೆ. ಪಕ್ಕದಲ್ಲಿ ಕೂತೆ. ಕೆನ್ನೆ ಒರೆಸಿಕೊಂಡು, "ನಿನ್ನ ಲೇತ್ ಎಲ್ಲಿಡ್ತೀಯ?" ಅಂದಳು.

"ಬೆರಿಲ್ ಹಾಸಿಗೆ ಮೇಲೆ," ಅಂದೆ. ಹೆಗಲಿಗೊಂದು ಏಟು ಬಿತ್ತು.

ಮಾರ್ಚ್ 18, ಸೋಮವಾರ

ಮನೆ ಮಾರಿಕೊಡುವವರು ಗುರುವಾರ ಫೋಟೋ ತೆಗೆಯಲು ಬರುತ್ತಾರೆ. ಅಷ್ಟರೊಳಗೆ ನೀರು ತಿಳಿಯಾಗಬೇಕಂತೆ. ಬೆಳಿಗ್ಗೆ ಇಬ್ಬರೂ ಪೂಲಿನ ಬಳಿ ನಿಂತೆವು, ಅವಳ ಕೈಯಲ್ಲಿ ಅಳತೆಯ ಜಗ್ಗು, ನನ್ನ ಕೈಯಲ್ಲಿ ಬ್ರಷ್. ನಾಲ್ಕು ಲೀಟರ್ ಆಸಿಡ್ ಅಳೆದಳು.

"ಸಾಲದು. ಐದು ಬೇಕು," ಅಂದೆ.

ಅವಳು ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಇನ್ನೊಂದು ಲೀಟರ್ ಅಳೆದಳು.